ತೋಟದಾಚೆಯ ಶೆಡ್ಡಿಗೆ ವೈಫೈ: ಬ್ರಿಡ್ಜ್ ಮಾಡಬೇಕೆ, ರೌಟ್ ಮಾಡಬೇಕೆ?

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ಮದು ಅಡಿಕೆ ತೋಟ, ಜೊತೆಗೊಂದು ಸಣ್ಣ ಹೋಂಸ್ಟೇ. ಮನೆಗೆ ಫೈಬರ್ ಇಂಟರ್‌ನೆಟ್ ಇದೆ. 350 ಮೀಟರ್ ಆಚೆಗಿನ ಅಡಿಕೆ ಶೆಡ್ಡಿಗೆ 5 ಗಿಗಾಹರ್ಟ್ಸ್‌ನ ಎರಡು ಹೊರಾಂಗಣ ಸಾಧನಗಳನ್ನು ಎದುರುಬದುರು ಕೂರಿಸಿ ಲಿಂಕ್ ಎಳೆಸಿದ್ದೇವೆ. ಶೆಡ್ಡಿನಲ್ಲಿ ಒಂದು ಹಳೆಯ ರೌಟರ್, ನಾಲ್ಕು ಕ್ಯಾಮೆರಾ, ಒಂದು ಪ್ರಿಂಟರ್ ಇವೆ. ಪಕ್ಕದ ಎರಡು ಕಾಟೇಜುಗಳ ಅತಿಥಿಗಳಿಗೂ ಅದೇ ವೈಫೈ. ಶೆಡ್ಡಿನಲ್ಲಿ ಇಂಟರ್‌ನೆಟ್ ಚೆನ್ನಾಗಿ ಬರುತ್ತದೆ, ಅಲ್ಲಿನ ಲ್ಯಾಪ್‌ಟಾಪಿನಿಂದ ಮನೆಯ ಕಂಪ್ಯೂಟರನ್ನೂ ತೆರೆಯಬಹುದು. ಆದರೆ ಮನೆಯಿಂದ ಶೆಡ್ಡಿನ ಕ್ಯಾಮೆರಾ, ಪ್ರಿಂಟರ್ ಕಾಣುವುದೇ ಇಲ್ಲ. ಒಬ್ಬ ಟೆಕ್ನಿಷಿಯನ್ ಬ್ರಿಡ್ಜ್ ಮಾಡಿ ಅಂತಾರೆ, ಇನ್ನೊಬ್ಬರು ರೌಟಿಂಗೇ ಸರಿ ಅಂತಾರೆ. ಯಾರ ಮಾತು ಕೇಳಬೇಕು?

ಉತ್ತರ: ಶೆಡ್ಡಿಗೆ ಮನೆ ಕಾಣುತ್ತದೆ, ಮನೆಗೆ ಶೆಡ್ ಕಾಣುವುದಿಲ್ಲ ಎಂದರೆ ಅದು ನ್ಯಾಟ್‌ನ (ಹಲವು ಸಾಧನಗಳನ್ನು ಒಂದೇ ವಿಳಾಸದ ಹಿಂದೆ ಅಡಗಿಸುವ ವ್ಯವಸ್ಥೆಯ) ಕೆಲಸ. ಲಿಂಕ್‌ನಿಂದ ಬಂದ ಕೇಬಲನ್ನು ಶೆಡ್ಡಿನ ರೌಟರಿನ ವ್ಯಾನ್ (ಹೊರಗಿನ ಇಂಟರ್‌ನೆಟ್ ಬರುವ) ಪೋರ್ಟಿಗೆ ಚುಚ್ಚಿದ್ದಾರೆ. ಆ ರೌಟರ್ ತನ್ನ ಹಿಂದಿರುವ ಕ್ಯಾಮೆರಾ, ಪ್ರಿಂಟರ್, ಫೋನುಗಳನ್ನೆಲ್ಲ ಒಂದೇ ಐಪಿ ವಿಳಾಸದ (ನೆಟ್‌ವರ್ಕ್‌ನಲ್ಲಿ ಸಾಧನಕ್ಕೆ ಕೊಡುವ ಅಂಕಿಯ) ಹಿಂದೆ ಮುಚ್ಚಿಟ್ಟಿದೆ. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನಿಂದ ಒಳಗೆ ಬರಲಾಗದು. ಸದ್ಯ ನಿಮ್ಮಲ್ಲಿರುವುದು ಬ್ರಿಡ್ಜೂ ಅಲ್ಲ, ಸರಿಯಾದ ರೌಟಿಂಗೂ ಅಲ್ಲ. ಸಣ್ಣ ನೆಟ್‌ವರ್ಕ್‌ಗಳಲ್ಲಿ ಯಾರೂ ಬೇಕೆಂದು ಆರಿಸದಿದ್ದರೂ ಅತಿ ಹೆಚ್ಚು ಸಿಗುವ ಸ್ಥಿತಿ ಇದೇ.

ಬ್ರಿಡ್ಜ್ ಮ್ಯಾಕ್ ವಿಳಾಸ (ಸಾಧನದ ಯಂತ್ರಾಂಶದ ಗುರುತು) ನೋಡಿ ಫ್ರೇಮ್, ಅಂದರೆ ದತ್ತಾಂಶದ ಕಟ್ಟು, ದಾಟಿಸುತ್ತದೆ. ಎರಡೂ ಕಡೆ ಸೇರಿ ಒಂದೇ ನೆಟ್‌ವರ್ಕ್, ಬ್ರಾಡ್‌ಕಾಸ್ಟ್ (ಎಲ್ಲ ಸಾಧನಗಳಿಗೂ ಕೂಗಿ ಹೇಳುವ ಸಂದೇಶ) ಕೂಡ ದಾಟುತ್ತದೆ. ರೌಟರ್ ಐಪಿ ವಿಳಾಸ ನೋಡಿ ಪ್ಯಾಕೆಟ್ ಕಳಿಸುತ್ತದೆ. ಎರಡು ಕಡೆಗೂ ಬೇರೆಬೇರೆ ವಿಳಾಸ ಸರಣಿ ಬೇಕು, ಬ್ರಾಡ್‌ಕಾಸ್ಟ್ ಅಲ್ಲಿಗೇ ನಿಲ್ಲುತ್ತದೆ. ಫೋನು ತಾನಾಗಿ ಪ್ರಿಂಟರ್ ಹುಡುಕುವುದು 224.0.0.251 ಎಂಬ ಮಲ್ಟಿಕಾಸ್ಟ್ (ಒಂದು ಗುಂಪಿಗೆ ಒಟ್ಟಿಗೆ ತಲುಪುವ) ವಿಳಾಸದ ಮೂಲಕ. ಆ ಪ್ಯಾಕೆಟ್ ರೌಟರ್ ದಾಟುವಂತಿಲ್ಲ, ನಿಯಮವೇ ಹಾಗಿದೆ. ಹೀಗಾಗಿ ನಮ್ಮ ಸಲಹೆ: ನಿಮ್ಮ ಸ್ವಂತ ಸಾಧನಗಳಿಗೆ ಬ್ರಿಡ್ಜ್, ಅತಿಥಿಗಳಿಗೆ ಮಾತ್ರ ರೌಟಿಂಗ್.

ಮೊದಲು ಬ್ರಿಡ್ಜ್. ಮನೆಯ ರೌಟರ್ 192.168.1.1 ಎಂದಿಟ್ಟುಕೊಳ್ಳೋಣ (ಜಿಯೋಫೈಬರ್ ಆದರೆ 192.168.29.1 ಇರುತ್ತದೆ, ಮುಂದಿನ ಅಂಕಿಗಳನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ). ಕ್ಯಾಮೆರಾಗಳಿಗೆ ಕೈಯಾರೆ ಐಪಿ ಕೊಟ್ಟಿದ್ದರೆ ಅವನ್ನು ಈಗಲೇ ಡಿಎಚ್‌ಸಿಪಿಗೆ (ರೌಟರೇ ಐಪಿ ಹಂಚುವ ವ್ಯವಸ್ಥೆಗೆ) ಬದಲಿಸಿ. ಹಳೆಯ ಸರಣಿಯ ವಿಳಾಸದಲ್ಲೇ ಉಳಿದರೆ ಆಮೇಲೆ ಅವು ಕಣ್ಣಿಗೇ ಬೀಳುವುದಿಲ್ಲ, ಏಣಿ ಹತ್ತಿ ರೀಸೆಟ್ ಮಾಡಬೇಕಾಗುತ್ತದೆ. ಬಳಿಕ ಶೆಡ್ಡಿನ ರೌಟರಿನ ವ್ಯಾನ್ ಕೇಬಲ್ ಕಿತ್ತು, ಲ್ಯಾಪ್‌ಟಾಪನ್ನು ಅದರ ಲ್ಯಾನ್ (ಒಳಗಿನ ಸಾಧನಗಳ) ಪೋರ್ಟಿಗೆ ಜೋಡಿಸಿ. ಕೇಬಲ್ ಕೀಳದಿದ್ದರೆ ವ್ಯಾನ್‌ನಲ್ಲೂ ಲ್ಯಾನ್‌ನಲ್ಲೂ ಒಂದೇ ಸರಣಿ ಎಂದು ರೌಟರ್ ತಕರಾರು ತೆಗೆಯುತ್ತದೆ. ಲ್ಯಾನ್ ವಿಳಾಸವನ್ನು 192.168.1.2 ಮಾಡಿ, ಸೇವ್ ಮಾಡಿ, ಹೊಸ ವಿಳಾಸದಲ್ಲಿ ಮತ್ತೆ ಒಳಹೋಗಿ, ಆಮೇಲೆ ಡಿಎಚ್‌ಸಿಪಿ ಸರ್ವರ್ ಆಫ್ ಮಾಡಿ. ಈ ಕ್ರಮ ತಪ್ಪಿದರೆ ಲ್ಯಾಪ್‌ಟಾಪಿಗೆ ವಿಳಾಸವೇ ಸಿಗದು. ಆಗ ಅದಕ್ಕೆ ಕೈಯಾರೆ 192.168.1.10 ಕೊಟ್ಟು ಒಳಹೋಗಿ. ಕೊನೆಗೆ ಲಿಂಕ್‌ನ ಕೇಬಲನ್ನು ವ್ಯಾನ್ ಬಿಟ್ಟು ಲ್ಯಾನ್ ಪೋರ್ಟಿಗೆ ಹಾಕಿ. ರೌಟರಿನಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಇದ್ದರೆ ಒಂದೇ ಕ್ಲಿಕ್ಕಿನಲ್ಲಿ ಇದೆಲ್ಲ ಮುಗಿಯುತ್ತದೆ.

ಮನೆಯ ರೌಟರಿನ ಡಿಎಚ್‌ಸಿಪಿ 192.168.1.50ರಿಂದ 192.168.1.200ರವರೆಗೆ ಹಂಚಲಿ. ಲಿಂಕ್‌ನ ಎರಡು ಸಾಧನಗಳಿಗೆ .3 ಮತ್ತು .4, ಕ್ಯಾಮೆರಾಗಳಿಗೆ .21ರಿಂದ .24, ಪ್ರಿಂಟರಿಗೆ .30 ಕಾಯ್ದಿರಿಸಿ. ಇದನ್ನೊಂದು ಚೀಟಿಯಲ್ಲಿ ಬರೆದು ರೌಟರಿನ ಬೆನ್ನಿಗೆ ಅಂಟಿಸಿ.

ಜನ ಎಡವುವುದು ಮುಂದಿನ ಹಂತದಲ್ಲಿ. ಕೇಬಲಿನಲ್ಲಿ ಬ್ರಿಡ್ಜ್ ಮಾಡುವುದು ಸಲೀಸು. ವೈಫೈಯಲ್ಲಿ ಹಾಗಲ್ಲ. ಸಾಮಾನ್ಯ ವೈಫೈ ಫ್ರೇಮಿನಲ್ಲಿ ಬಳಕೆಯಾಗುವುದು ಮೂರೇ ಮ್ಯಾಕ್ ವಿಳಾಸ. ಶೆಡ್ಡಿನ ತುದಿಯ ಸಾಧನ ಸಾದಾ 'ಕ್ಲೈಂಟ್' ಆಗಿದ್ದರೆ ತನ್ನ ಮ್ಯಾಕ್ ಒಂದನ್ನೇ ಹೇಳಿಕೊಳ್ಳಬಲ್ಲದು, ಹಿಂದಿರುವ ಕ್ಯಾಮೆರಾದ ಮ್ಯಾಕ್ ಬರೆಯಲು ಜಾಗವೇ ಇಲ್ಲ. ಅದಕ್ಕೆ ನಾಲ್ಕು ವಿಳಾಸಗಳ ವಿಧಾನ ಬೇಕು. ಸೆಟ್ಟಿಂಗ್‌ನಲ್ಲಿ ಇದು ಸಾಮಾನ್ಯವಾಗಿ 'ಡಬ್ಲ್ಯುಡಿಎಸ್' ಎಂದಿರುತ್ತದೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ (ರೌಟರಿಗೆ ಹಾಕುವ ಒಂದು ಮುಕ್ತ ತಂತ್ರಾಂಶ) ಎರಡೂ ತುದಿಗೆ ಡಬ್ಲ್ಯುಡಿಎಸ್ ಹಾಕಬೇಕು. ಮೈಕ್ರೊಟಿಕ್ ಕಂಪನಿಯ 'ಸ್ಟೇಷನ್ ಬ್ರಿಡ್ಜ್' ಎದುರು ತುದಿಯೂ ಮೈಕ್ರೊಟಿಕ್ ಆಗಿದ್ದರೆ ಮಾತ್ರ ನಡೆಯುತ್ತದೆ. ಒಂದು ಕಂಪನಿಯ ವಿಧಾನ ಇನ್ನೊಂದರ ಜೊತೆ ಕೂಡಿ ಬರುತ್ತದೆಂಬ ಖಾತ್ರಿಯಿಲ್ಲ, ಆದ್ದರಿಂದ ಎರಡೂ ತುದಿಗೆ ಒಂದೇ ಮಾದರಿಯ ಜೋಡಿ ಕೊಳ್ಳಿ.

ನಿಜವಾದ ಬ್ರಿಡ್ಜ್ ಆಯಿತೇ ಎಂದು ತಿಳಿಯಲು ಮನೆಯ ರೌಟರಿನ ಕ್ಲೈಂಟ್ ಪಟ್ಟಿ ನೋಡಿ. ನಾಲ್ಕು ಕ್ಯಾಮೆರಾಗಳಿಗೆ ನಾಲ್ಕು ಬೇರೆ ಮ್ಯಾಕ್ ಕಂಡರೆ ಸರಿ. ನಾಲ್ಕಕ್ಕೂ ಲಿಂಕ್ ಸಾಧನದ ಮ್ಯಾಕ್ಕೇ ಬಂದಿದ್ದರೆ ಅದು ಹುಸಿ ಬ್ರಿಡ್ಜ್. ಆಗ ವಿಳಾಸ ಕಾಯ್ದಿರಿಸುವುದು ಕೈಕೊಡುತ್ತದೆ, ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಸಾಮಾನ್ಯವಾಗಿ ನಡೆಯುವುದಿಲ್ಲ, ಉಳಿದದ್ದು ಒಂದು ದಿನ ಸರಿ, ಇನ್ನೊಂದು ದಿನ ಇಲ್ಲ.

ಇನ್ನೊಂದು ಎಚ್ಚರಿಕೆ. ಬ್ರಿಡ್ಜ್ ಆದ ಮೇಲೆ ಎರಡು ಕಟ್ಟಡಗಳ ನಡುವೆ ಎರಡನೆಯ ದಾರಿ ಇರಕೂಡದು. ಯಾರೋ ಹಳೆಯ ರಿಪೀಟರನ್ನು ಮರೆತು ಕೇಬಲಿಗೂ ಸಿಕ್ಕಿಸಿದರೆ ಫ್ರೇಮುಗಳು ಸುತ್ತುತ್ತಲೇ ಇರುತ್ತವೆ. ಎಲ್ಲ ಪೋರ್ಟಿನ ದೀಪಗಳು ಒಟ್ಟಿಗೆ ಪಟಪಟನೆ ಮಿನುಗಿ, ಇಡೀ ನೆಟ್‌ವರ್ಕ್ ಮಲಗುತ್ತದೆ. ಇಂಥ ಸುತ್ತನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಸೌಲಭ್ಯವಿದ್ದರೆ ಆನ್ ಮಾಡಿಡಿ.

ಈಗ ಅತಿಥಿಗಳು. ಬ್ರಿಡ್ಜ್ ಮಾಡಿ ಸುಮ್ಮನಾದರೆ ಅವರ ಫೋನುಗಳೂ ನಿಮ್ಮ ಕ್ಯಾಮೆರಾಗಳೂ ಒಂದೇ ನೆಟ್‌ವರ್ಕ್‌ನಲ್ಲಿ ಕೂರುತ್ತವೆ. ರೌಟಿಂಗ್ ಬೇಕಾಗುವುದು ಈ ಕಾರಣಕ್ಕೆ. ಬ್ರಾಡ್‌ಕಾಸ್ಟ್ ಹೊರೆಯ ಮಾತು ಎಲ್ಲರೂ ಎತ್ತುತ್ತಾರೆ. 2.4 ಗಿಗಾಹರ್ಟ್ಸ್‌ನಲ್ಲಿ ಬ್ರಾಡ್‌ಕಾಸ್ಟ್ ಅತಿ ಕಡಿಮೆ ವೇಗದಲ್ಲಿ, ಹಲವು ರೌಟರುಗಳಲ್ಲಿ 1 ಎಂಬಿಪಿಎಸ್‌ನಲ್ಲೇ ಹೋಗುತ್ತದೆ ಎಂಬುದೂ ನಿಜ. ಆದರೆ ಇಪ್ಪತ್ತು ಮೂವತ್ತು ಸಾಧನಗಳಿಗೆ ಅದು ತಲೆಬಿಸಿಯ ವಿಷಯವಲ್ಲ.

ಅಗ್ಗದ ಮತ್ತೊಂದು ರೌಟರ್ ತಂದು, ಅದರ ವ್ಯಾನ್ ಪೋರ್ಟನ್ನು ಶೆಡ್ಡಿನ ರೌಟರಿನ ಲ್ಯಾನ್‌ಗೆ ಜೋಡಿಸಿ, ಒಳಗೆ 192.168.50.1 ಕೊಡಿ. ನ್ಯಾಟ್ ಇರಲಿ. ಅತಿಥಿಯ ಫೋನಿಗೆ ಹೊರಗಿನಿಂದ ಯಾರೂ ಬರಬೇಕಿಲ್ಲವಾದ್ದರಿಂದ ಇಲ್ಲಿ ಎರಡು ನ್ಯಾಟ್ ಇದ್ದರೂ ನಷ್ಟವಿಲ್ಲ. ಆದರೆ ನ್ಯಾಟ್ ಇದ್ದರೆ ಸುರಕ್ಷಿತ ಎಂದುಕೊಳ್ಳಬೇಡಿ. ನಿಮ್ಮ ಶೆಡ್ಡಿನ ಲ್ಯಾಪ್‌ಟಾಪಿಗೆ ಮನೆಯ ಕಂಪ್ಯೂಟರ್ ಕಂಡ ಹಾಗೆಯೇ ಅತಿಥಿಗೂ ಕಾಣುತ್ತದೆ. ಆ ರೌಟರಿನ ಫೈರ್‌ವಾಲ್‌ನಲ್ಲಿ, ಒಳಗಿನಿಂದ 192.168.1.0/24ಕ್ಕೆ (ಅಂದರೆ ಮನೆಯ ಇಡೀ ಸರಣಿಗೆ) ಹೋಗುವುದೆಲ್ಲ ಬ್ಲಾಕ್ ಎಂಬ ನಿಯಮ ಸೇರಿಸಿ. ಇಂಟರ್‌ನೆಟ್‌ಗೆ ಹೋಗುವ ಪ್ಯಾಕೆಟ್ಟಿನ ಗುರಿ ಬೇರೆಯಾದ್ದರಿಂದ ಅದಕ್ಕೆ ಅಡ್ಡಿಯಿಲ್ಲ. ಡಿಎನ್ಎಸ್ (ಜಾಲತಾಣದ ಹೆಸರಿಗೆ ಐಪಿ ಹುಡುಕಿಕೊಡುವ ಸೇವೆ) ಮಾತ್ರ 1.1.1.1 ಅಥವಾ 8.8.8.8 ಎಂದು ಕೈಯಾರೆ ಕೊಡಿ. ಕೊಳ್ಳುವ ಮೊದಲು ಇಂಥ ನಿಯಮ ಹಾಕಲು ಬರುತ್ತದೆಯೇ ಎಂದು ವಿಚಾರಿಸಿ. ಶೆಡ್ಡಿನ ರೌಟರಿನಲ್ಲೇ 'ಗೆಸ್ಟ್ ನೆಟ್‌ವರ್ಕ್' ಇದೆಯಲ್ಲ ಎನ್ನಬಹುದು. ಆಕ್ಸೆಸ್ ಪಾಯಿಂಟ್ ಆಗಿ ಬದಲಾದ ಮೇಲೆ ಅನೇಕ ಅಗ್ಗದ ರೌಟರುಗಳಲ್ಲಿ ಅದು ಹೆಸರಿಗಷ್ಟೇ ಬೇರೆ. ಗೆಸ್ಟ್‌ಗೆ ಸೇರಿಕೊಂಡು 192.168.1.21 ತೆರೆದು ನೋಡಿ, ಗೊತ್ತಾಗುತ್ತದೆ.

ನ್ಯಾಟ್ ಇಲ್ಲದ ಪೂರ್ತಿ ರೌಟಿಂಗ್ ಬೇಕೆನ್ನುವವರು ಶೆಡ್ಡಿಗೆ 192.168.20.0/24 ಕೊಟ್ಟು, ಅಲ್ಲಿನ ನ್ಯಾಟ್ ಆಫ್ ಮಾಡಿ, ಮನೆಯ ರೌಟರಿನಲ್ಲಿ 'ಆ ಸರಣಿಗೆ ದಾರಿ 192.168.1.2' ಎಂಬ ಸ್ಟ್ಯಾಟಿಕ್ ರೌಟ್ ಹಾಕಬೇಕು. ಇಂಟರ್‌ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಗಳಲ್ಲಿ ಈ ಪುಟ ಎಷ್ಟೋ ಸಲ ಇರುವುದೇ ಇಲ್ಲ. ಇದ್ದರೂ, ಮನೆಯ ಕಂಪ್ಯೂಟರಿನಿಂದ ಹೊರಟದ್ದು ಮುಖ್ಯ ರೌಟರಿನ ಮೂಲಕ ಹೋಗುತ್ತದೆ, ಉತ್ತರ ಶೆಡ್ಡಿನ ರೌಟರಿನಿಂದ ನೇರವಾಗಿ ಬರುತ್ತದೆ. ಅರ್ಧ ಸಂಭಾಷಣೆ ಮಾತ್ರ ಕಂಡ ಮುಖ್ಯ ರೌಟರಿನ ಫೈರ್‌ವಾಲ್ ಅದನ್ನು ತುಂಡರಿಸಬಹುದು. ಪಿಂಗ್ (ಸಾಧನ ಉತ್ತರಿಸುತ್ತದೆಯೇ ಎಂಬ ಪರೀಕ್ಷೆ) ಹೋಗುತ್ತದೆ, ಕ್ಯಾಮೆರಾ ಪುಟ ಮಾತ್ರ ತೆರೆಯುವುದಿಲ್ಲ ಎಂಬ ವಿಚಿತ್ರ ದೂರಿಗೆ ಇದು ಕಾರಣ. ವಿಂಡೋಸ್ ಫೈರ್‌ವಾಲ್ ಕೂಡ ಫೈಲ್ ಹಂಚಿಕೆಯನ್ನು ಮನೆಯ ನೆಟ್‌ವರ್ಕ್‌ನಲ್ಲಿ ತನ್ನದೇ ಸರಣಿಯವರಿಗಷ್ಟೇ ತೆರೆದಿಡುತ್ತದೆ. ಇಷ್ಟು ರಗಳೆ ಎರಡು ಕಟ್ಟಡಕ್ಕೆ ಬೇಡ. ಪಕ್ಕದ ತೋಟದವರೊಡನೆ ಲಿಂಕ್ ಹಂಚಿಕೊಂಡು, ಅವರವರ ನೆಟ್‌ವರ್ಕ್ ಅವರವರೇ ನೋಡಿಕೊಳ್ಳುವಂತಾದಾಗ ಯೋಚಿಸಿ.

ಲಿಂಕ್ ಬಗ್ಗೆ ಒಂದು ಮಾತು. 350 ಮೀಟರಿಗೆ, 13 ಡಿಬಿಐ ಆಂಟೆನಾ ಜೋಡಿ, 20 ಡಿಬಿಎಂ ಶಕ್ತಿ ಇದ್ದರೆ ಲೆಕ್ಕದ ಪ್ರಕಾರ ಸಿಗ್ನಲ್ ಮೈನಸ್ 53 ಡಿಬಿಎಂ ಆಸುಪಾಸು ಬರಬೇಕು (ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ). ಮೈನಸ್ 70 ತೋರಿಸುತ್ತಿದ್ದರೆ ದಿಕ್ಕು ತಪ್ಪಿದೆ ಅಥವಾ ಸೋಗೆ ಅಡ್ಡ ಬಂದಿದೆ. ನಡುದಾರಿಯಲ್ಲಿ ನೇರ ಗೆರೆಯ ಸುತ್ತ ಕನಿಷ್ಠ 1.3 ಮೀಟರ್ ಖಾಲಿ ಬೇಕು. ಈ ದೂರದಲ್ಲಿ ಮಳೆ 5 ಗಿಗಾಹರ್ಟ್ಸ್‌ಗೆ ದೊಡ್ಡ ಅಡ್ಡಿಯಲ್ಲ, ಒದ್ದೆ ಎಲೆ ಅಡ್ಡಿ. ಆಷಾಢದಲ್ಲಿ ಲಿಂಕ್ ಕುಂಟಿದರೆ ಬ್ರಿಡ್ಜ್ ಸೆಟ್ಟಿಂಗ್ ಕೆದಕಬೇಡಿ, ಕಂಬ ಎತ್ತರಿಸಿ. ಕ್ಯಾಮೆರಾ ರೆಕಾರ್ಡರ್ ಶೆಡ್ಡಿನಲ್ಲೇ ಇರಲಿ. ಮನೆಯಲ್ಲಿಟ್ಟರೆ ತಲಾ 4 ಎಂಬಿಪಿಎಸ್‌ನಂತೆ 16 ಎಂಬಿಪಿಎಸ್ ಹಗಲೂ ರಾತ್ರಿ ಲಿಂಕ್ ಮೇಲೆ ಹರಿಯುತ್ತಿರುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ನಾಲ್ಕು ಮಹಡಿಯ ಪಿಜಿ ನಡೆಸುತ್ತೇವೆ. ಮಹಡಿಗೊಂದು ರೌಟರ್, ಒಂದರ ಲ್ಯಾನ್‌ನಿಂದ ಮುಂದಿನದರ ವ್ಯಾನ್‌ಗೆ ಕೇಬಲ್. ಮೆಟ್ಟಿಲು ಹತ್ತುವಾಗ ವಾಟ್ಸ್‌ಆ್ಯಪ್ ಕರೆ ಕಡಿಯುತ್ತದೆ.

ಉತ್ತರ: ಮಹಡಿ ಬದಲಾದಂತೆ ಫೋನಿನ ಐಪಿ ಬದಲಾಗುತ್ತದೆ, ಕರೆ ತುಂಡಾಗುತ್ತದೆ. ಮೇಲಿನ ಮಹಡಿಯವರು ನಾಲ್ಕು ನ್ಯಾಟ್ ದಾಟುತ್ತಿದ್ದಾರೆ ಬೇರೆ. ಕೆಳಗಿನ ಒಂದನ್ನು ಬಿಟ್ಟು ಉಳಿದ ಮೂರನ್ನೂ ಆಕ್ಸೆಸ್ ಪಾಯಿಂಟ್ ಮಾಡಿ, ಒಂದೇ ಹೆಸರು ಮತ್ತು ಪಾಸ್‌ವರ್ಡ್ ಕೊಡಿ. 2.4 ಗಿಗಾಹರ್ಟ್ಸ್‌ನ ಚಾನೆಲ್‌ಗಳನ್ನು 1, 6, 11 ಎಂದು ಮಹಡಿಗೊಂದರಂತೆ ಹಂಚಿ, ನಾಲ್ಕನೆಯದಕ್ಕೆ ಮತ್ತೆ 1. ಸರಪಳಿ ಬಿಡಿಸಿ, ಎಲ್ಲ ಕೇಬಲ್‌ಗಳನ್ನೂ ಒಂದು ಗಿಗಾಬಿಟ್ ಸ್ವಿಚ್ಚಿಗೆ ತನ್ನಿ, ಕೇಬಲ್ 100 ಮೀಟರ್ ಮೀರದಿರಲಿ. ಬಾಡಿಗೆದಾರರು ಒಬ್ಬರ ಸಾಧನಕ್ಕೆ ಇನ್ನೊಬ್ಬರು ಕೈಹಾಕದಂತೆ 'ಕ್ಲೈಂಟ್ ಐಸೊಲೇಷನ್' ಆನ್ ಮಾಡಿ. ಹಲವು ರೌಟರುಗಳಲ್ಲಿ ಅದು ಒಂದೇ ಆಕ್ಸೆಸ್ ಪಾಯಿಂಟಿನ ಒಳಗಷ್ಟೇ ನಡೆಯುತ್ತದೆ. ಮಹಡಿಗಳ ನಡುವೆಯೂ ಬೇಕಾದರೆ ಸ್ವಿಚ್ಚಿನಲ್ಲಿ ಪೋರ್ಟ್ ಐಸೊಲೇಷನ್ ಇರಬೇಕು.

ಬ್ರಿಡ್ಜ್ ಮಾಡಿದ ಕಟ್ಟಡಕ್ಕೆ ದೊಡ್ಡ ಅಪಾಯ ಗೋಡೆಯ ತೆರೆದ ಪೋರ್ಟು. ಯಾರಾದರೂ ತಮ್ಮ ರೌಟರ್ ತಂದು ಅದರ ಲ್ಯಾನ್ ಪೋರ್ಟನ್ನು ಅಲ್ಲಿಗೆ ಚುಚ್ಚಿದರೆ ಅದರ ಡಿಎಚ್‌ಸಿಪಿ ಇಡೀ ಕಟ್ಟಡಕ್ಕೆ ತಪ್ಪು ವಿಳಾಸ ಹಂಚತೊಡಗುತ್ತದೆ. ಅರ್ಧ ಜನರಿಗೆ ಇಂಟರ್‌ನೆಟ್ ಇರುತ್ತದೆ, ಅರ್ಧ ಜನರಿಗೆ ಇಲ್ಲ. ಅಂಥ ದಿನ ಇಂಟರ್‌ನೆಟ್ ಬಾರದ ಫೋನಿನಲ್ಲಿ ಗೇಟ್‌ವೇ (ಹೊರದಾರಿಯ ರೌಟರ್) ವಿಳಾಸ ನೋಡಿ. ನಿಮ್ಮದಲ್ಲದ ಅಂಕಿ ಕಂಡರೆ ಸ್ವಿಚ್ಚಿನ ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತು, ಪ್ರತಿ ಸಲ ಆ ಗೇಟ್‌ವೇಗೆ ಪಿಂಗ್ ಮಾಡಿ. ಉತ್ತರ ನಿಂತ ಮಹಡಿಯಲ್ಲಿ ಹುಡುಕಿ. ಡಿಎಚ್‌ಸಿಪಿ ಸ್ನೂಪಿಂಗ್ (ಅನ್ಯ ರೌಟರ್ ವಿಳಾಸ ಹಂಚದಂತೆ ತಡೆಯುವ ಸೌಲಭ್ಯ) ಇರುವ ಸ್ವಿಚ್ ಕೊಂಡರೆ ಈ ಓಡಾಟ ತಪ್ಪುತ್ತದೆ.