ಬಿಹೇವಿಯರಲ್ ಎಕನಾಮಿಕ್ಸ್ ಅಂದರೆ ಏನು? ನಮ್ಮ ಕಡೆಯ ಉದಾಹರಣೆ ಕೊಟ್ಟು ಹೇಳುತ್ತೀರಾ?

ನಾನು ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೇಟೊ ಮಂಡಿಯ ಲೆಕ್ಕ ಬರೆಯುವವನು. ನೀವು ನಮ್ಮ ಕಡೆಯ ಉದಾಹರಣೆ ಕೇಳಿದ್ದೀರಿ, ಹಾಗಾಗಿ ಹರಾಜಿನಿಂದಲೇ ಶುರು ಮಾಡುತ್ತೇನೆ. ದುಡ್ಡಿನ ವಿಷಯದಲ್ಲಿ ಜನ ಬರೀ ಲೆಕ್ಕ ಹಾಕಿ ಅಲ್ಲ, ಮನಸ್ಸಿಗೆ ಅನ್ನಿಸಿದಂತೆ ಹೇಗೆ ತೀರ್ಮಾನ ಮಾಡುತ್ತಾರೆ ಅಂತ ನೋಡುವ ಶಾಸ್ತ್ರವೇ ಬಿಹೇವಿಯರಲ್ ಎಕನಾಮಿಕ್ಸ್.

2023ರ ಜುಲೈನಲ್ಲಿ ಇಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಆಮೇಲೆ ರೇಟು ಇಳಿಯಿತು, ಆದರೆ ಆ ಅಂಕಿ ತಲೆಯಿಂದ ಇಳಿಯಲಿಲ್ಲ. ಬೇರೆ ವರ್ಷ 400 ಸಿಕ್ಕರೆ ಖುಷಿಪಡುತ್ತಿದ್ದವರು ಅದೇ 400ಕ್ಕೆ ಮುಖ ಸಣ್ಣ ಮಾಡಿಕೊಂಡರು. ಖರ್ಚು ಕಳೆದರೂ ಕೈಯಲ್ಲಿ ಉಳಿಯುತ್ತಿತ್ತು. ಆದರೂ ಅವರ ಲೆಕ್ಕದಲ್ಲಿ ಅದು ನಷ್ಟ.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ವಿವರಿಸಿದ್ದು ಇದನ್ನೇ. ದುಡ್ಡು ಎಷ್ಟು ಅನ್ನುವುದಕ್ಕಿಂತ, ಮನಸ್ಸಿನಲ್ಲಿರುವ ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ ಅನ್ನುವುದೇ ನಮಗೆ ಮುಖ್ಯ. ಗೆರೆಯ ಕೆಳಗಿನ ನೋವು ಮೇಲಿನ ಖುಷಿಗಿಂತ ಸುಮಾರು ಎರಡು ಪಟ್ಟು. ಯಾರನ್ನಾದರೂ ಕೇಳಿ ನೋಡಿ: 'ನಾಣ್ಯ ಚಿಮ್ಮೋಣ. ಸೋತರೆ ನೂರು ಕೊಡಬೇಕು. ಗೆದ್ದರೆ ಎಷ್ಟು ಕೊಟ್ಟರೆ ಆಡುತ್ತೀರಿ?' 110ಕ್ಕೆ ಒಪ್ಪುವವರು ಕಡಿಮೆ. ಹೆಚ್ಚಿನವರು 200ರ ಹತ್ತಿರ ಹೋಗುತ್ತಾರೆ.

ಇದಕ್ಕಿಂತ ಸ್ವಾರಸ್ಯದ ವಿಷಯ ಇನ್ನೊಂದಿದೆ. ನಷ್ಟದಲ್ಲಿದ್ದೇವೆ ಅನ್ನಿಸಿದಾಗ ಜನ ರಿಸ್ಕ್ ಜಾಸ್ತಿ ತೆಗೆದುಕೊಳ್ಳುತ್ತಾರೆ. 'ಇವತ್ತಿನ ರೇಟಿಗೆ ಬೇಡ, ಇನ್ನೆರಡು ದಿನ ಬಿಟ್ಟು ಕೀಳೋಣ' ಅಂತ ಹಣ್ಣನ್ನು ಗಿಡದಲ್ಲೇ ಬಿಡುತ್ತಾರೆ. ಅಷ್ಟರಲ್ಲಿ ಜೋರು ಮಳೆ ಬಂದರೆ ಹಣ್ಣು ಸೀಳುತ್ತದೆ. ಹಾಗಂತ ರೈತರು ದಡ್ಡರು ಅನ್ನಬೇಡಿ, ನನಗೆ ಸಿಟ್ಟು ಬರುತ್ತದೆ. 500ಕ್ಕೆ ಕೊಂಡ ಷೇರು 300ಕ್ಕೆ ಬಿದ್ದರೂ 'ಅಸಲು ಬರಲಿ' ಅಂತ ಕಾಯುವ ಬೆಂಗಳೂರಿನವರು ಮಾಡುವುದೂ ಅದನ್ನೇ ಅಲ್ವಾ? ಇನ್ನು ಸಾಲದ ಕಂತು ತಲೆ ಮೇಲಿರುವಾಗ ಸಿಕ್ಕ ರೇಟಿಗೆ ಮಾರುವುದು ಮನಸ್ಸಿನ ಆಟವೇ ಅಲ್ಲ, ಬೇರೆ ದಾರಿ ಇಲ್ಲದ್ದು.

ರೇಟು ಏರಿದ ಸುದ್ದಿ ಕೇಳಿ ಎಲ್ಲರೂ ನರ್ಸರಿಗೆ ಓಡುವುದೂ ಇದೇ ಶಾಸ್ತ್ರದೊಳಗೆ ಬರುತ್ತದೆ. ಕಣ್ಣ ಮುಂದೆ ಕಂಡದ್ದೇ ಮತ್ತೆ ಆಗುತ್ತದೆ ಅನ್ನಿಸುತ್ತದೆ. ಆದರೆ ನಾಟಿ ಮಾಡಿ ಹಣ್ಣು ಕೀಳಲು ಎರಡು ತಿಂಗಳಾದರೂ ಬೇಕು. ಆಗ ಎಲ್ಲರ ಬಾಕ್ಸೂ ಒಟ್ಟಿಗೆ ಮಂಡಿಗೆ ಬರುತ್ತವೆ.

2017ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಹೇಳುವ 'ನಡ್ಜ್', ಅಂದರೆ ಬಲವಂತ ಮಾಡದೆ ಒಂದು ಕಡೆಗೆ ಮೆಲ್ಲಗೆ ತಳ್ಳುವುದು, ಅದಕ್ಕೆ ಉದಾಹರಣೆ ಬೇಕೆಂದರೆ ಫಸಲ್ ಬಿಮಾ ಬೆಳೆ ವಿಮೆ ನೋಡಿ. ಬೆಳೆ ಸಾಲ ಪಡೆದವರಿಗೆ 2020ರ ಮುಂಗಾರಿನಿಂದ ಈ ವಿಮೆ ಕಡ್ಡಾಯವಲ್ಲ. ಆದರೆ ಬೇಡ ಅನ್ನುವವರು ಮುಂಚೆಯೇ ಬ್ಯಾಂಕಿಗೆ ಬರೆದುಕೊಡಬೇಕು. ಸುಮ್ನೆ ಇದ್ದರೆ ಪ್ರೀಮಿಯಂ ಕಟ್ ಆಗುತ್ತದೆ.