ಕಂಡದ್ದನ್ನು ಕನ್ನಡದಲ್ಲಿ ಬರೆಯಲಿ

ಮಾನ್ಯರೆ,

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ತಾವು ಬರೆದ ಪತ್ರ ತಲುಪಿದೆ. ಪ್ಲಸ್ ಟುವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪದವಿಯಲ್ಲಿ ಪ್ರಾಣಿಶಾಸ್ತ್ರ ಕಲಿಯುತ್ತಿರುವ ತಮ್ಮ ಮಗಳಿಗೆ, ಕಾಲೇಜಿನವರು ತರಿಸುತ್ತಿರುವ, ಕಣ್ಣಿಗೆ ತೊಟ್ಟರೆ ಕಂಪ್ಯೂಟರ್ ಸೃಷ್ಟಿಸಿದ ದೃಶ್ಯದೊಳಗೇ ಇದ್ದಂತೆ ಅನುಭವ ನೀಡುವ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್‌ಗಳಿಂದ ನಿಜಕ್ಕೂ ಪ್ರಯೋಜನವಾದೀತೇ, ಆ ಹಣ ಪ್ರಯೋಗಾಲಯಕ್ಕೆ ಸಲ್ಲಬೇಕಿತ್ತಲ್ಲವೇ ಎಂದು ಕೇಳಿದ್ದೀರಿ.

ಪ್ರಯೋಜನವಾದೀತು, ಆದರೆ ಹೆಡ್‌ಸೆಟ್ ಕಳಚಿಟ್ಟ ಮೇಲೆ ಏನು ನಡೆಯುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಅಮೆರಿಕದ ಸಾಂಟಾ ಬಾರ್ಬರಾದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪರೋಂಗ್ ಮತ್ತು ಮೇಯರ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ವಿದ್ಯಾರ್ಥಿಗಳು ಹೆಡ್‌ಸೆಟ್ ತೊಟ್ಟು ರಕ್ತನಾಳದೊಳಗೆ ಸಂಚರಿಸಿದರೆ, ಉಳಿದವರು ಅದೇ ಪಾಠವನ್ನು ಕಂಪ್ಯೂಟರಿನ ಸ್ಲೈಡುಗಳಲ್ಲಿ ನೋಡಿದರು. ಹೆಚ್ಚು ಆನಂದಪಟ್ಟವರು ಮೊದಲಿನವರು, ಪರೀಕ್ಷೆಯಲ್ಲಿ ಮುಂದಿದ್ದವರು ಎರಡನೆಯವರು. ಆದರೆ ಪಾಠವನ್ನು ಭಾಗಗಳಾಗಿ ಮಾಡಿ, ಪ್ರತಿ ಭಾಗ ಮುಗಿದಾಗಲೂ ಕಂಡದ್ದರ ಸಾರಾಂಶ ಬರೆಯಿಸಿದಾಗ, ಬರೆಯದೆ ನೋಡಿದವರಿಗಿಂತ ಬರೆದವರ ಕಲಿಕೆ ಉತ್ತಮವಾಗಿತ್ತು. ನನ್ನ ಮಟ್ಟಿಗೆ ಆ ಅಧ್ಯಯನದ ಸತ್ವವಿರುವುದು ಇಲ್ಲಿಯೇ.

ಇನ್ನು ನಮ್ಮ ಗಡಿನಾಡಿನ ವಿಚಾರ. ಹತ್ತನೆಯ ತರಗತಿಯಲ್ಲಿ ಅಪಧಮನಿ, ಅಭಿಧಮನಿ ಎಂದು ಕಲಿತ ಮಗು ಕಾಲೇಜಿನಲ್ಲಿ ಆರ್ಟರಿ, ವೇಯ್ನ್ ಎಂದು ಕೇಳುತ್ತದೆ. ತರಗತಿಯಲ್ಲಾದರೆ ಪಕ್ಕದ ಗೆಳತಿಯನ್ನು ಮೆಲ್ಲನೆ ಕೇಳಿ ತಿಳಿಯಬಹುದು; ಹೆಡ್‌ಸೆಟ್ಟಿನೊಳಗೆ ಇಂಗ್ಲಿಷ್ ವಿವರಣೆ ಓಡುತ್ತಿರುವಾಗ ಅವಳು ಒಬ್ಬಂಟಿ. ಆದ್ದರಿಂದ ಆ ಸಾರಾಂಶವನ್ನು ಕನ್ನಡದಲ್ಲಿ ಬರೆಯಲು, ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಗುರುತಿಸಿಕೊಳ್ಳಲು ಅವಳಿಗೆ ಅವಕಾಶವಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊಬೈಲಿನ ಪರದೆಯಲ್ಲಿ, ಎದುರಿನ ಮೇಜಿನ ಮೇಲೆಯೇ ಹೃದಯದ ಆಕೃತಿಯನ್ನು ಮೂಡಿಸುವ ಆಗ್ಮೆಂಟೆಡ್ ರಿಯಾಲಿಟಿ ಈ ದೃಷ್ಟಿಯಿಂದ ನನಗೆ ಹೆಚ್ಚು ಇಷ್ಟ. ನಾಲ್ಕೈದು ಮಂದಿ ಸುತ್ತ ನಿಂತು, ತಮ್ಮ ಮಾತಿನಲ್ಲೇ ಚರ್ಚಿಸುತ್ತ ನೋಡಬಹುದು. ಪ್ರಯೋಗಾಲಯದ ಬಗ್ಗೆ ತಮ್ಮ ಆತಂಕ ನ್ಯಾಯವಾದದ್ದೇ: ಸೂಕ್ಷ್ಮದರ್ಶಕವನ್ನು ಹೊಂದಿಸುವ ಕೈಚಳಕ ಹೆಡ್‌ಸೆಟ್‌ನಿಂದ ಬರುವುದಿಲ್ಲ. ಮತ್ತೊಂದು ಮಾತು, ಕಣ್ಣಿಗೆ ಚಲನೆ ಕಂಡರೂ ಒಳಕಿವಿಗೆ ಅದು ತಿಳಿಯದಿರುವುದರಿಂದ ಕೆಲವರಿಗೆ ತಲೆ ಸುತ್ತುತ್ತದೆ. ಸುಳ್ಯದ ದಾರಿಯ ತಿರುವುಗಳಲ್ಲಿ ಬಸ್ಸಿನಲ್ಲಿ ಸಂಕಟಪಡುವವಳಾದರೆ ಅವಳು ಇದನ್ನು ಅಧ್ಯಾಪಕರಿಗೆ ಮೊದಲೇ ತಿಳಿಸಲಿ.

ಮುಂದಿನ ಪಿಟಿಎ (ಪೋಷಕ-ಶಿಕ್ಷಕ ಸಂಘ) ಸಭೆಯಲ್ಲಿ, ಪ್ರತಿ ಹೆಡ್‌ಸೆಟ್ ಪಾಠದ ನಡುವೆ ಬರೆಯಲು ಸಮಯ ಕೊಡಬೇಕೆಂದು ದಯವಿಟ್ಟು ಕೇಳಿ. ತಮ್ಮ ಮಗಳು ಹಾಗೆ ಬರೆದ ಮೊದಲ ಟಿಪ್ಪಣಿಯನ್ನು ನಮಗೆ ಕಳುಹಿಸಿದರೆ ವಿದ್ಯಾರ್ಥಿ ಪುಟದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

– ಸಂಪಾದಕ