ಪಿ9ಡಿ16ಬಿ: 1969ರ ಕ್ಯಾಮರೋದ ಮನ್ಸಿ ಗೇರ್‌ಬಾಕ್ಸ್ ನಂಬರ್ ಓದುವುದು ಹೇಗೆ?

ನೀವು ಕೊಳ್ಳಲು ನೋಡುತ್ತಿರುವ 1969ರ ಷೆವ್ರೊಲೆ ಕ್ಯಾಮರೋ ಕಾರಿನ ಗೇರ್‌ಬಾಕ್ಸ್ ಮೇಲೆ ಪಿ9ಡಿ16ಬಿ ಎಂದು ಒಂದು ಕಡೆ, 19ಎನ್6 ಎಂದು ಶುರುವಾಗುವ ಇನ್ನೊಂದು ಸಾಲು, ಉಬ್ಬಚ್ಚಿನಲ್ಲಿ (ಕೇಸಿಂಗ್ ಎರಕ ಹೊಯ್ಯುವಾಗಲೇ ಮೂಡಿದ ಉಬ್ಬು ಅಂಕೆಗಳಲ್ಲಿ) 3925660 ಎಂದು ಇದೆ. ಮಾರುವವರು "ಗಾಡಿ ಜೊತೆಗೇ ಬಂದ ಎಂ22" ಅನ್ನುತ್ತಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ. ಎಂ20, ಎಂ21, ಎಂ22 ಅನ್ನುವುದು ಮನ್ಸಿ ಗೇರ್‌ಬಾಕ್ಸ್‌ನ ಮೂರು ಬಗೆ. ನೀವು ಕೊಟ್ಟ ನಂಬರ್ ಸರಿಯಾಗಿದ್ದರೆ ಅದು ಎಂ22 ಅಲ್ಲ, ಎಂ21. ಗಾಡಿ ಜೊತೆಗೇ ಬಂದದ್ದು ಹೌದೋ ಅಲ್ಲವೋ ಅನ್ನುವುದನ್ನು ಬೇರೆಯಾಗಿ ತಾಳೆ ನೋಡಬೇಕು.

ಮೊದಲ ಅಕ್ಷರ ಪಿ ಅಂದರೆ ಜನರಲ್ ಮೋಟರ್ಸ್‌ನ ಇಂಡಿಯಾನಾ ರಾಜ್ಯದ ಮನ್ಸಿ ಕಾರ್ಖಾನೆ. 9 ಅಂದರೆ 1969. ಮುಂದಿನ ಅಕ್ಷರ ತಿಂಗಳು, ಆಮೇಲಿನ ಎರಡು ಅಂಕೆ ತಾರೀಖು. ತಿಂಗಳಲ್ಲೇ ಹೆಚ್ಚು ಜನ ಎಡವುವುದು, ಯಾಕೆಂದರೆ ಅಕ್ಷರಗಳು ಸಾಲಾಗಿ ಬರುವುದಿಲ್ಲ. ಎ, ಬಿ, ಸಿ, ಡಿ, ಇ ಜನವರಿಯಿಂದ ಮೇವರೆಗೆ. ಜೂನ್ ಎಚ್, ಜುಲೈ ಕೆ, ಆಗಸ್ಟ್ ಎಂ, ಸೆಪ್ಟೆಂಬರ್ ಪಿ, ಅಕ್ಟೋಬರ್ ಆರ್, ನವೆಂಬರ್ ಎಸ್, ಡಿಸೆಂಬರ್ ಟಿ. ಹಾಗಾಗಿ ನಿಮ್ಮದು 1969ರ ಏಪ್ರಿಲ್ 16. ಕೊನೆಯ ಅಕ್ಷರ ಗೇರ್‌ಬಾಕ್ಸ್‌ನ ಬಗೆ: ಎ ಇದ್ದರೆ ಎಂ20, ಬಿ ಇದ್ದರೆ ಎಂ21, ಸಿ ಇದ್ದರೆ ಎಂ22. ಈ ಕೊನೆಯ ಅಕ್ಷರ 1969ರ ಮಾಡೆಲ್‌ಗಳ ಹೊತ್ತಿಗೆ ಬಂದದ್ದು, ಹಳೆಯದರಲ್ಲಿ ಹುಡುಕಬೇಡಿ. 1963ರಿಂದ 66ರವರೆಗಿನ ಬಾಕ್ಸ್‌ಗಳಲ್ಲಿ ಪಿ ಆದ ಮೇಲೆ ತಿಂಗಳಿಗೆ ಎರಡು ಅಂಕೆ, ತಾರೀಖಿಗೆ ಎರಡು ಅಂಕೆ ಅಷ್ಟೇ. ವರ್ಷ ಇರುವುದೇ ಇಲ್ಲ. ಅಲ್ಲಿ ವರ್ಷಕ್ಕೆ ಉಬ್ಬಚ್ಚಿನ ನಂಬರನ್ನೇ ನೋಡಬೇಕು: 3831704 ಇದ್ದರೆ 1963, 3851325 ಇದ್ದರೆ 1964-65, 3885010 ಇದ್ದರೆ 1966-67. ನಿಮ್ಮ 3925660 ಬಳಕೆಯಲ್ಲಿದ್ದದ್ದು 1968ರಿಂದ 70ರ ನಡುವೆ, ಅಂದರೆ 1969ರ ಗಾಡಿಗೆ ಹೊಂದುತ್ತದೆ. ಆದರೆ ಮೂರೂ ಬಗೆಗೆ ಇದೇ ಕೇಸಿಂಗ್. ಉಬ್ಬಚ್ಚು ತೋರಿಸಿ "ಇದು ಎಂ22" ಅನ್ನುವ ಮಾತಿಗೆ ಆಧಾರವಿಲ್ಲ.

ಇನ್ನು ಎರಡನೆಯ ಸಾಲು. ನನ್ನ ಪ್ರಕಾರ ಹಣದ ಲೆಕ್ಕದಲ್ಲಿ ಇದೇ ಮುಖ್ಯ. 1 ಅಂದರೆ ಷೆವ್ರೊಲೆ, 9 ಅಂದರೆ 1969ರ ಮಾಡೆಲ್, ಎನ್ ಅಂದರೆ ಒಹಾಯೋದ ನಾರ್ವುಡ್ ಕಾರ್ಖಾನೆ, ಉಳಿದ ಆರು ಅಂಕೆ ಆ ಗಾಡಿಯ ಸರದಿ ಸಂಖ್ಯೆ. ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ ಜೋಡಿಸಿದ ಕ್ಯಾಮರೋ ಆಗಿದ್ದರೆ ಎಲ್ ಇರುತ್ತಿತ್ತು. ಸೇಂಟ್ ಲೂಯಿಸ್‌ನ ಕಾರ್ವೆಟ್ ಆಗಿದ್ದರೆ ಎಸ್. ಮೊದಲ ಅಂಕೆ 2 ಇದ್ದರೆ ಬಾಕ್ಸ್ ಪಾಂಟಿಯಾಕ್‌ನದು. ಈಗ ಮುಂಗಾಜಿನ ಹೊರಗಿನಿಂದ ಡ್ಯಾಶ್‌ಬೋರ್ಡ್ ಮೇಲಿನ ಪೂರ್ತಿ ಚಾಸಿ ನಂಬರ್ ಓದಿ. ವಿ8 ಕೂಪೆ ಆದರೆ ಅದು 124379ಎನ್ ಎಂದು ಶುರುವಾಗುತ್ತದೆ. ಅದರ ಕೊನೆಯ ಎಂಟು, ಅಂದರೆ 9, ಎನ್ ಮತ್ತು ಆರು ಅಂಕೆ, ಗೇರ್‌ಬಾಕ್ಸ್ ಮೇಲೆ 1 ಆದ ನಂತರ ಬರುವುದಕ್ಕೆ ಒಂದೂ ತಪ್ಪದೆ ಕೂಡಬೇಕು. ಒಂದು ಅಂಕೆ ಬೇರೆಯಾದರೂ ಆ ಬಾಕ್ಸ್ ಇನ್ನೊಂದು ಗಾಡಿಯದು.

ಆಮೇಲೆ ತಾರೀಖು. ಫೈರ್‌ವಾಲ್ ಮೇಲೆ, ಅಂದರೆ ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಗೋಡೆಯ ಮೇಲೆ, ಡ್ರೈವರ್ ಕಡೆ, ಚಿಕ್ಕ ತಗಡಿನ ಪಟ್ಟಿ ಇದೆ. ಅದರಲ್ಲಿ 04ಇ ಥರದ ಗುರುತು ಇರುತ್ತದೆ: 04 ಏಪ್ರಿಲ್, ಅಕ್ಷರ ತಿಂಗಳ ಎಷ್ಟನೆಯ ವಾರ ಅನ್ನುವುದಕ್ಕೆ. ಗಾಡಿಗಿಂತ ಗೇರ್‌ಬಾಕ್ಸ್ ಮೊದಲು ತಯಾರಾಗಿರಲೇಬೇಕು. ಪಟ್ಟಿಯಲ್ಲಿ 04ಇ ಅಥವಾ 05ಎ ಇದ್ದರೆ ಏಪ್ರಿಲ್ 16ರ ಬಾಕ್ಸ್ ಚೆನ್ನಾಗಿ ಹೊಂದುತ್ತದೆ. 03ಬಿ ಇದ್ದು ಚಾಸಿ ನಂಬರ್ ಮಾತ್ರ ಕೂಡುತ್ತಿದ್ದರೆ ಯಾರೋ ಆಮೇಲೆ ಆ ನಂಬರನ್ನು ಪಂಚ್ ಹೊಡೆದಿದ್ದಾರೆ, ಅಂದರೆ ಲೋಹದ ಮೇಲೆ ಕುಟ್ಟಿ ಮೂಡಿಸಿದ್ದಾರೆ ಅಂತಲೇ ಅನುಮಾನಿಸಿ. ಪಿ, ಆರ್, ಎಸ್, ಟಿ ತಿಂಗಳುಗಳಲ್ಲಿ ಮಾತ್ರ ಹುಷಾರು: ಮಾಡೆಲ್ ವರ್ಷ ಹಿಂದಿನ ವರ್ಷದ ಕೊನೆಗೇ ಶುರುವಾಗುವುದರಿಂದ ವರ್ಷದ ಅಂಕೆಯೊಂದನ್ನೇ ನೆಚ್ಚಿಕೊಂಡು ತೀರ್ಮಾನ ಮಾಡಬಾರದು.

ಆ ಎರಡು ಸಾಲಿನ ಪಂಚ್ ಇರುವುದು ಕೇಸಿಂಗ್‌ನ ಬಲಬದಿಯಲ್ಲಿ, ಹಿಂದಿನ ಟೈಲ್ ಹೌಸಿಂಗ್ ಕೂಡುವ ಕಡೆ. ಎಣ್ಣೆ ಜಿಡ್ಡಿನ ಕೆಳಗೆ ಮುಚ್ಚಿಹೋಗಿರುತ್ತದೆ. ಬ್ರೇಕ್ ಕ್ಲೀನರ್ ಹಾಕಿ ನೈಲಾನ್ ಬ್ರಶ್‌ನಲ್ಲಿ ತಿಕ್ಕಿ, ಒಣಗಿದ ಮೇಲೆ ಸೀಮೆಸುಣ್ಣ ಸವರಿ ಬಟ್ಟೆಯಿಂದ ಮೇಲ್ಮೇಲೆ ಒರೆಸಿ. ಅಕ್ಷರದ ಗುಳಿಯಲ್ಲಿ ಬಿಳಿ ಉಳಿಯುತ್ತದೆ. ಟಾರ್ಚನ್ನು ನೇರ ಹಿಡಿಯದೆ ಬದಿಯಿಂದ ಹಿಡಿದು ಫೋಟೋ ತೆಗೆಯಿರಿ. ತಂತಿ ಬ್ರಶ್, ಎಮರಿ ಪೇಪರ್, ಸ್ಯಾಂಡ್ ಬ್ಲಾಸ್ಟ್ ಯಾವುದೂ ಬೇಡ. ಕೇಸಿಂಗ್ ಅಲ್ಯೂಮಿನಿಯಂ, ಆಳವಿಲ್ಲದ ಪಂಚ್ ಒಂದೇ ಸಲಕ್ಕೆ ಅಳಿಸಿಹೋದೀತು, ಆಮೇಲೆ ಅದನ್ನು ವಾಪಸ್ ತರುವ ದಾರಿ ಇಲ್ಲ. ಪಂಚ್ ಸುತ್ತ ಮಾತ್ರ ಮೇಲ್ಮೈ ನುಣುಪಾಗಿದ್ದು ಉಳಿದೆಡೆ ಒರಟಾಗಿದ್ದರೆ ಅಲ್ಲಿ ಗ್ರೈಂಡರ್ ಆಡಿದೆ ಎಂದು ಅರ್ಥ. ಕೊನೆಯ ಬಿ ಅಕ್ಷರದ ಆಳ, ಗಾತ್ರ ಪಕ್ಕದ ಅಂಕೆಗಳಂತೆಯೇ ಇದೆಯಾ ಅಂತಲೂ ನೋಡಿ.

ಹೊರಗಿನ ನಂಬರ್ ಹೇಳುವುದು ಕೇಸಿಂಗ್‌ನ ಜಾತಕ. ಐವತ್ತು ವರ್ಷ ದಾಟಿದ ಬಾಕ್ಸ್‌ನ ಒಳಗೆ ಯಾರು ಯಾವ ಗೇರ್ ಹಾಕಿದ್ದಾರೋ ಅದು ಬೇರೆ ಮಾತು. ಬಿಚ್ಚದೇ ಪರೀಕ್ಷಿಸಬೇಕಾದರೆ ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಬ್ಯಾಟರಿ ತಂತಿ ತೆಗೆದು, ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ. ಮೊದಲ ಗೇರ್‌ಗೆ ಹಾಕಿ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ 11 ಸುತ್ತು ತಿರುಗಿಸಿ. ಶಾಫ್ಟ್ ಸರಿಯಾಗಿ 5 ಸುತ್ತು ಬಂದರೆ ಮೊದಲ ಗೇರ್ ಅನುಪಾತ 2.20, ಅಂದರೆ ಎಂ21 ಅಥವಾ ಎಂ22. ನಾಲ್ಕೂಕಾಲು ದಾಟಿ ನಾಲ್ಕೂವರೆ ಮುಟ್ಟದೆ ನಿಂತರೆ ಅನುಪಾತ 2.52, ಎಂ20.

ಎಂ21, ಎಂ22 ಎರಡಕ್ಕೂ ಅನುಪಾತ ಒಂದೇ ಆದ್ದರಿಂದ ಅವನ್ನು ಬೇರೆ ಮಾಡಲು ಕಣ್ಣಲ್ಲೇ ನೋಡಬೇಕು. ಆಯಿಲ್ ಇಳಿಸಿ, ಪಕ್ಕದ ಮುಚ್ಚಳದ 7 ಬೋಲ್ಟು ಬಿಚ್ಚಿದರೆ ಹಲ್ಲುಗಳು ಎದುರಿಗೇ ಕಾಣುತ್ತವೆ. ಎಂ20, ಎಂ21ರಲ್ಲಿ ಹಲ್ಲು ತುಂಬ ಓರೆ. ಎಂ22ರಲ್ಲಿ ಓರೆ ಅದಕ್ಕಿಂತ ಕಮ್ಮಿ. ಓರೆ ಕಮ್ಮಿಯಾದಷ್ಟೂ ಶಾಫ್ಟನ್ನು ಹಿಂದೆಮುಂದೆ ತಳ್ಳುವ ಒತ್ತಡ, ಅದರಿಂದ ಹುಟ್ಟುವ ಕಾವು ಕಮ್ಮಿ, ಸದ್ದು ಜಾಸ್ತಿ. ಎಂ22ಗೆ ರಾಕ್ ಕ್ರಷರ್ ಅನ್ನುವ ಅಡ್ಡಹೆಸರು ಬಂದದ್ದು ಆ ಸದ್ದಿನಿಂದ. ಮುಚ್ಚಳ ತೆಗೆಯುವಾಗಲೂ ಹಾಕುವಾಗಲೂ ಬಾಕ್ಸ್ ನ್ಯೂಟ್ರಲ್‌ನಲ್ಲಿರಲಿ, ಗೇರ್ ಬದಲಿಸುವ ಫೋರ್ಕ್‌ಗಳು ತಮ್ಮ ಸ್ಲೀವ್‌ನ ತೋಡಿನಲ್ಲಿ ಕೂತದ್ದು ನೋಡಿಯೇ ಬೋಲ್ಟು ಹಾಕಿ. ಪ್ಯಾಕಿಂಗ್ ಹೊಸದಿರಲಿ. ಅಲ್ಯೂಮಿನಿಯಂ ಥ್ರೆಡ್ ಬೇಗ ಕಿತ್ತುಬರುತ್ತದೆ, ಉದ್ದ ಹಿಡಿಯ ಸ್ಪ್ಯಾನರ್ ಬಳಸಬೇಡಿ.

ಬಾಕ್ಸ್ ಕೆಳಗಿಳಿದಿದ್ದರೆ ಇನ್‌ಪುಟ್ ಶಾಫ್ಟ್ ಮೇಲಿನ ಉಂಗುರದಂಥ ಗೆರೆ ಎಣಿಸಿ: ಎರಡಿದ್ದರೆ ಎಂ20, ಒಂದಿದ್ದರೆ ಎಂ21, ಇಲ್ಲದಿದ್ದರೆ ಎಂ22. ಹೊರಗಿನವರು ಮಾಡಿದ ಬದಲಿ ಶಾಫ್ಟ್‌ಗಳಿಗೆ ಈ ನಿಯಮ ನಡೆಯುವುದಿಲ್ಲ, ಅದಕ್ಕೇ ಹಲ್ಲು ನೋಡಿ ಅಂದದ್ದು.

ಮಾರುವವರ ಹತ್ತಿರ ಈಗಲೇ ಕೇಳಬೇಕಾದದ್ದು ಮೂರು ಫೋಟೋ: ಪಂಚ್ ಆದ ಎರಡೂ ಸಾಲು ಒಂದೇ ಚೌಕಟ್ಟಿನಲ್ಲಿ, ಡ್ಯಾಶ್‌ಬೋರ್ಡ್‌ನ ಚಾಸಿ ನಂಬರ್, ಫೈರ್‌ವಾಲ್ ಪಟ್ಟಿ. ಮೂರೂ ಕೂಡಿದರೆ ಅದು ಗಾಡಿಯದೇ ಎಂ21 ಎಂದು ಬೆಲೆ ಮಾತಾಡಿ. ಒಳಗೆ ಎಂ22 ಗೇರ್ ಹಾಕಿಸಿದ್ದಾರೆ ಅನ್ನುವುದಾದರೆ ಮುಚ್ಚಳ ಬಿಚ್ಚಿ ತೋರಿಸಲಿ, ಆಗಲೂ ಒರಿಜಿನಲ್ ಎಂ22ರ ಬೆಲೆ ಕೊಡಬೇಡಿ.